ಅನ್ನನಾಳ ಕೂಡದೆ ಹುಟ್ಟಿದ ಮಗು: ದೋಷ ಯಾವ ಮನೆ ಕಡೆಯದು?

ಪ್ರಶ್ನೆ: ನಮ್ಮದು ಆಲೂರು ತಾಲ್ಲೂಕು. ನಾನು ಮದುವೆಯಾಗಿದ್ದು ಸೋದರತ್ತೆ ಮಗನನ್ನು. ಮಗಳಿಗೆ ಈಗ ಎಂಟು ತಿಂಗಳು. ಹುಟ್ಟಿದ ದಿನ ಬಾಯಲ್ಲಿ ನೊರೆ ಬರುತ್ತಲೇ ಇತ್ತು, ಹಾಲು ಕುಡಿಸಿದ ಕೂಡಲೇ ಕೆಮ್ಮಿ ನೀಲಿಗಟ್ಟಿದಳು. ಹಾಸನದಲ್ಲಿ ಟ್ಯೂಬ್ ಇಳಿಸಿ ನೋಡಿ, ಅನ್ನನಾಳ ಮೇಲೆಯೇ ಮುಚ್ಚಿಕೊಂಡಿದೆ, ಕೆಳಗಿನ ತುಂಡು ಶ್ವಾಸನಾಳಕ್ಕೆ ಸೇರಿಕೊಂಡಿದೆ ಎಂದು ಬೆಂಗಳೂರಿಗೆ ಕಳಿಸಿದರು. ಆಪರೇಷನ್ ಆಯಿತು, ಈಗ ರಾಗಿ ಸರಿ ತಿನ್ನುತ್ತಾಳೆ. ಎಡಗೈ ಹೆಬ್ಬೆರಳು ಮಾತ್ರ ಸ್ವಲ್ಪ ಸಣ್ಣದು. ‘ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ, ನಿಮ್ಮಪ್ಪನ ಮನೆ ಕಡೆಯಿಂದ ಬಂದಿದ್ದು’ ಎಂದು ಅತ್ತೆ ಹೇಳುತ್ತಾರೆ. ಐದನೇ ತಿಂಗಳಲ್ಲಿ ಗ್ರಹಣದ ದಿನ ತರಕಾರಿ ಹೆಚ್ಚಿದ್ದೆ, ಆಗಲೇ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತಿದ್ದರು. ಮದುವೆಗೆ ಮುಂಚಿನಿಂದಲೂ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇದು ಜೀನ್‌ನಿಂದ ಬಂದದ್ದೇ? ಸ್ಕ್ಯಾನಿಂಗ್‌ನಲ್ಲಿ ಯಾಕೆ ಗೊತ್ತಾಗಲಿಲ್ಲ? ಇನ್ನೊಂದು ಮಗು ಮಾಡಿಕೊಳ್ಳಬಹುದೇ?

ಉತ್ತರ: ಪತ್ರದ ನಡುವೆ ಒಂದೇ ಸಾಲಿನಲ್ಲಿ ಹೇಳಿ ದಾಟಿಬಿಟ್ಟಿದ್ದೀರಲ್ಲ, ಹೆಬ್ಬೆರಳು ಸಣ್ಣದು ಅಂತ, ನನ್ನ ಕಣ್ಣು ನಿಂತದ್ದು ಅಲ್ಲಿ. ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಒಂದು ಮಟ್ಟಿಗೆ ಆ ಬೆರಳಿನ ಮೇಲೆ ನಿಂತಿದೆ. ಅದಕ್ಕೆ ಬರುವ ಮುಂಚೆ, ನಿಮ್ಮನ್ನು ರಾತ್ರಿ ನಿದ್ದೆಗೆಡಿಸುತ್ತಿರುವ ಎರಡು ಸಂಗತಿಗಳನ್ನು ಮೊದಲು ತೆಗೆದುಹಾಕೋಣ.

ಗ್ರಹಣ ಮತ್ತು ಬೋರ್ಡೋ. ಎರಡೂ ಐದನೇ ತಿಂಗಳಿನವು. ಅನ್ನನಾಳ ಮತ್ತು ಶ್ವಾಸನಾಳ ಬೇರೆಬೇರೆಯಾಗುವ ಕೆಲಸ ಗರ್ಭ ಕಟ್ಟಿದ ನಾಲ್ಕನೇ ವಾರದಲ್ಲಿ ಶುರುವಾಗಿ ಆರು–ಏಳನೇ ವಾರದ ಹೊತ್ತಿಗೆ ಮುಗಿದೇಹೋಗಿರುತ್ತದೆ. ಎಷ್ಟೋ ಹೆಂಗಸರಿಗೆ ಬಸಿರು ಖಚಿತವಾಗುವಷ್ಟರಲ್ಲಿ ಇದು ಅರ್ಧ ಆಗಿರುತ್ತದೆ. ಆಗ ಭ್ರೂಣದ ಉದ್ದ ಅರ್ಧ ಸೆಂಟಿಮೀಟರ್ ಆಸುಪಾಸು. ನೀವು ಐದನೇ ತಿಂಗಳಲ್ಲಿ ಏನು ಹೆಚ್ಚಿದ್ದರೂ, ಯಾರು ಏನು ಸಿಂಪಡಿಸಿದ್ದರೂ, ಮಗುವಿನ ಅನ್ನನಾಳದ ಗತಿ ಅದಕ್ಕಿಂತ ಮೂರು ತಿಂಗಳು ಮೊದಲೇ ತೀರ್ಮಾನವಾಗಿತ್ತು. ಬಸುರಿಯರು ಔಷಧಿ ಹೊಡೆಯುವ ಜಾಗದಿಂದ ದೂರವಿರುವುದು ಬೇರೆ ಕಾರಣಗಳಿಗೆ ಒಳ್ಳೆಯದೇ, ಅದನ್ನು ಬಿಡಬೇಡಿ. ಆದರೆ ಮೈಲುತುತ್ತ, ಸುಣ್ಣದ ಮೇಲೆ ಈ ಅಪವಾದ ಹೊರಿಸಲು ಪುರಾವೆಯಿಲ್ಲ. ಗ್ರಹಣದ ಮೇಲಂತೂ ಇಲ್ಲವೇ ಇಲ್ಲ.

ಇನ್ನು ಒಳಗೆ ನಡೆಯುವುದೇನು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜೀನ್‌ನ ಪಾತ್ರ ಎಲ್ಲಿ ಬರುತ್ತದೆ ಎನ್ನುವುದು ಅದು ತಿಳಿಯದೆ ಅರ್ಥವಾಗುವುದಿಲ್ಲ. ಮೊದಲು ಇರುವುದು ಒಂದೇ ಕೊಳವೆ. ಅದರ ಮುಂಭಾಗದ, ಅಂದರೆ ಎದೆ ಕಡೆಯ ಜೀವಕೋಶಗಳಲ್ಲಿ ಎನ್‌ಕೆಎಕ್ಸ್2-1 ಎಂಬ ಜೀನ್ ಚುರುಕಾಗುತ್ತದೆ. ಆ ಭಾಗ ಶ್ವಾಸನಾಳವೂ ಶ್ವಾಸಕೋಶವೂ ಆಗಬೇಕು. ಬೆನ್ನ ಕಡೆಯ ಕೋಶಗಳಲ್ಲಿ ಸಾಕ್ಸ್2 ಎಂಬುದು ಮೇಲುಗೈಯಾಗುತ್ತದೆ, ಅದು ಅನ್ನನಾಳ. ಸುತ್ತಲಿನ ಅಂಗಾಂಶ ಕಳಿಸುವ ರಾಸಾಯನಿಕ ಸಂದೇಶಗಳು ಈ ಗಡಿಯನ್ನು ಗುರುತಿಸುತ್ತವೆ. ಬಳಿಕ ಗಡಿಯ ಎರಡೂ ಬದಿಯಿಂದ ಕೊಳವೆಯ ಗೋಡೆ ಒಳಕ್ಕೆ ಒತ್ತುತ್ತಾ ಬಂದು, ಗದ್ದೆಯ ನಡುವೆ ಎರಡು ಕಡೆಯಿಂದ ಬದು ಕಟ್ಟಿಕೊಂಡು ಬಂದ ಹಾಗೆ, ನಡುವೆ ಸೇರುತ್ತದೆ. ಸೇರಿದರೆ ಸಾಲದು. ಅಂಟಿಕೊಂಡ ಕೋಶಗಳು ಮತ್ತೆ ಬಿಡಿಸಿಕೊಂಡು, ಮುಂದಿನದು ಮುಂದಕ್ಕೆ ಹಿಂದಿನದು ಹಿಂದಕ್ಕೆ ಎಂದು ಪಾಲಾಗಬೇಕು. ಕೋಶದ ಮೈಮೇಲಿರುವ ಅಂಟು ಪ್ರೋಟೀನ್‌ಗಳನ್ನು ಪುಟ್ಟ ಚೀಲಗಳಲ್ಲಿ ಒಳಕ್ಕೆ ಎಳೆದುಕೊಂಡು ಜಾಗ ಬದಲಿಸುವ ಒಂದು ಸಾಗಣೆ ವ್ಯವಸ್ಥೆ ಪ್ರತಿ ಕೋಶದಲ್ಲೂ ಇದೆ. ಅದು ಸರಿಯಾಗಿ ನಡೆಯದಿದ್ದರೆ ಬೇರ್ಪಡೆ ಅರ್ಧಕ್ಕೆ ನಿಲ್ಲುತ್ತದೆ.

ನಿಮ್ಮ ಮಗಳಿಗೆ ಆಗಿದ್ದು ಎಲ್ಲಕ್ಕಿಂತ ಸಾಮಾನ್ಯವಾದ ಬಗೆ. ಅನ್ನನಾಳದ ಮೇಲಿನ ತುಂಡು ಕುರುಡು ಚೀಲದಂತೆ ಕೊನೆಯಾಗುತ್ತದೆ, ಜಠರದ ಕಡೆಯ ತುಂಡು ಶ್ವಾಸನಾಳಕ್ಕೆ ಬಾಯಿ ತೆರೆಯುತ್ತದೆ. ಈ ದೋಷವಿರುವ ನೂರು ಮಕ್ಕಳಲ್ಲಿ ಸುಮಾರು ಎಂಬತ್ತೈದು ಮಕ್ಕಳದ್ದು ಇದೇ ಬಗೆ. ಒಟ್ಟಾರೆ ಮೂರು–ನಾಲ್ಕು ಸಾವಿರ ಹೆರಿಗೆಗೆ ಒಂದರಂತೆ ಇದು ಕಾಣಿಸುತ್ತದೆ. ಹಾಸನದಂಥ ಜಿಲ್ಲೆಯಲ್ಲಿ ಪ್ರತಿ ವರ್ಷ ಕೆಲವು ಮನೆಗಳಲ್ಲಿ ಹೀಗಾಗುತ್ತಿರುತ್ತದೆ, ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ ಅಷ್ಟೇ.

ಹಾಗಾದರೆ ಜೀನ್‌ನಿಂದ ಬಂದದ್ದೇ? ಕೆಲವು ಮಕ್ಕಳಲ್ಲಿ ಹೌದು. ಬಹುಪಾಲು ಮಕ್ಕಳಲ್ಲಿ ಇಂಥದೇ ಎಂದು ಬೆರಳು ತೋರಿಸುವ ಒಂದು ಜೀನ್ ಸಿಗುವುದಿಲ್ಲ. ಇದಕ್ಕೆ ಅವಳಿ ಮಕ್ಕಳೇ ಸಾಕ್ಷಿ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಜೀನ್‌ಗಳು ಹೆಚ್ಚುಕಡಿಮೆ ಒಂದೇ, ಆದರೂ ಒಂದು ಮಗುವಿಗೆ ಈ ತೊಂದರೆ ಇದ್ದು ಇನ್ನೊಂದು ಆರೋಗ್ಯವಾಗಿರುವುದೇ ಹೆಚ್ಚು. ಇನ್ನೊಂದು ಸಾಕ್ಷಿ ಪ್ರಯೋಗಾಲಯದ್ದು. ಜೀನ್ ಎಲ್ಲ ಸರಿಯಿರುವ ಬಸುರಿ ಇಲಿಗೆ ತಕ್ಕ ಸಮಯದಲ್ಲಿ ಅಡ್ರಿಯಾಮೈಸಿನ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟರೆ ಮರಿಗಳು ಇದೇ ದೋಷದೊಂದಿಗೆ ಹುಟ್ಟುತ್ತವೆ. ಇತ್ತ ಸೋನಿಕ್ ಹೆಡ್ಜ್‌ಹಾಗ್ ಎಂಬ ಜೀನನ್ನು ತೆಗೆದುಹಾಕಿದ ಇಲಿಮರಿಗಳಿಗೂ ಇದೇ ದೋಷ ಬರುತ್ತದೆ ಎಂದು 1998ರಲ್ಲಿ ಕಂಡುಕೊಂಡರು. ಒಂದೇ ಫಲಿತಾಂಶಕ್ಕೆ ದಾರಿ ಹಲವು.

ಈಚಿನ ವರ್ಷಗಳಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯ ತಂಡಗಳು ಇಂಥ ಮಕ್ಕಳ ಮತ್ತು ಅವರ ತಂದೆತಾಯಿಯ ಜೀನ್‌ಗಳನ್ನು ಪೂರ್ತಿಯಾಗಿ ಓದಿ ಹೋಲಿಸಿದವು. ಅಪ್ಪನಲ್ಲೂ ಇಲ್ಲದ, ಅಮ್ಮನಲ್ಲೂ ಇಲ್ಲದ, ಆ ಮಗುವಿನಲ್ಲೇ ಹೊಸದಾಗಿ ಮೂಡಿದ ಬದಲಾವಣೆಗಳು ಕೆಲವರಲ್ಲಿ ಸಿಕ್ಕವು. ಆಗಲೇ ಹೇಳಿದೆನಲ್ಲ, ಕೋಶದೊಳಗಿನ ಚೀಲಗಳ ಸಾಗಣೆ, ಅವುಗಳಲ್ಲಿ ಅನೇಕ ಅದಕ್ಕೆ ಸಂಬಂಧಪಟ್ಟ ಜೀನ್‌ಗಳಲ್ಲಿದ್ದವು. ಅಂಥ ಕೆಲವು ಜೀನ್‌ಗಳನ್ನು ಕಪ್ಪೆಯ ಭ್ರೂಣದಲ್ಲಿ ಕೆಡಿಸಿ ನೋಡಿದಾಗ ಅಲ್ಲೂ ಕೊಳವೆ ಸರಿಯಾಗಿ ಎರಡಾಗಲಿಲ್ಲ. ಈ ಹೊಸ ಬದಲಾವಣೆ ವೀರ್ಯಾಣು ಅಥವಾ ಅಂಡ ತಯಾರಾಗುವಾಗ, ಇಲ್ಲವೇ ಗರ್ಭ ಕಟ್ಟಿದ ಮೇಲೆ, ಜೀನ್ ನಕಲಾಗುವ ಹೊತ್ತಿನಲ್ಲಿ ತಾನಾಗಿ ಆಗುವ ತಪ್ಪು. ಹಾಗಾದಾಗ ಮಗುವಿನ ದೋಷಕ್ಕೆ ಜೀನ್ ಕಾರಣ, ಆದರೆ ಅಜ್ಜನೂ ಕಾರಣನಲ್ಲ, ಅಜ್ಜಿಯೂ ಅಲ್ಲ. ಒಂದು ಮಗುವಿನಲ್ಲಿ ಒಂದು ಜೀನ್, ಇನ್ನೊಂದರಲ್ಲಿ ಮತ್ತೊಂದು. ಹೀಗಿರುವಾಗ ‘ಅನ್ನನಾಳದ ಜೀನ್ ಟೆಸ್ಟ್’ ಎಂಬ ಒಂದೇ ಪರೀಕ್ಷೆ ಇರಲು ಸಾಧ್ಯವಿಲ್ಲ.

ಅತ್ತೆಯವರ ಮಾತಿಗೆ ಇಲ್ಲೊಂದು ಮಾತು. ನೀವು ಮದುವೆಯಾಗಿರುವುದು ಸೋದರತ್ತೆ ಮಗನನ್ನು. ಎಂದರೆ ಅವರು ದೂರುತ್ತಿರುವ ನಿಮ್ಮಪ್ಪನ ಮನೆ ಅವರ ತವರುಮನೆಯೇ! ಈ ಜಗಳದಲ್ಲಿ ನಾನು ಪಂಚಾಯಿತಿಗೆ ಕೂರುವುದಿಲ್ಲ. ಆದರೆ ವೈದ್ಯಕೀಯ ಲೆಕ್ಕದಲ್ಲಿ ಈ ಸಂಬಂಧ ಮುಖ್ಯ.

ಸಂಬಂಧದಲ್ಲಿ ಮದುವೆಯಾದರೆ ಎಲ್ಲ ಬಗೆಯ ಹುಟ್ಟುದೋಷವೂ ಬರುತ್ತದೆ ಎಂದು ಜನ ನಂಬಿದ್ದಾರೆ. ಅದು ಹಾಗಲ್ಲ. ಒಂದು ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಬರುವ ಕಾಯಿಲೆಗಳಿವೆ. ಒಂದು ಪ್ರತಿ ಕೆಟ್ಟವರು ಜೀವನಪೂರ್ತಿ ಆರೋಗ್ಯವಾಗಿರುತ್ತಾರೆ, ಅವರಿಗೆ ಗೊತ್ತೂ ಇರುವುದಿಲ್ಲ. ನೀವು ಮತ್ತು ನಿಮ್ಮ ಯಜಮಾನರು ಒಂದೇ ಅಜ್ಜ–ಅಜ್ಜಿಯ ಮೊಮ್ಮಕ್ಕಳು. ಸರಾಸರಿ ಎಂಟನೇ ಒಂದು ಪಾಲು ಜೀನ್ ಇಬ್ಬರಿಗೂ ಸಮಾನ. ಅಜ್ಜನಲ್ಲೋ ಅಜ್ಜಿಯಲ್ಲೋ ಕೆಟ್ಟ ಪ್ರತಿಯೊಂದಿದ್ದು, ಅದು ನಿಮ್ಮಪ್ಪನಿಗೂ ನಿಮ್ಮತ್ತೆಗೂ ಬಂದು, ಇಬ್ಬರಿಂದ ನಿಮ್ಮಿಬ್ಬರಿಗೂ ಇಳಿದು, ಮಗುವಿನಲ್ಲಿ ಕೂಡಿಕೊಳ್ಳಬಹುದು. ಬರೀ ಅನ್ನನಾಳದ ದೋಷವಷ್ಟೇ ಇರುವ ಮಗುವಿನಲ್ಲಿ ಸಾಮಾನ್ಯವಾಗಿ ಈ ದಾರಿ ಕಾಣುವುದಿಲ್ಲ. ಅಂಥ ಮನೆಯವರು ಕೇಳಿದ್ದರೆ ‘ಸಂಬಂಧದ ಮದುವೆಯ ಚಿಂತೆ ಬಿಡಿ’ ಎಂದು ಅಲ್ಲಿಗೇ ಮುಗಿಸುತ್ತಿದ್ದೆ.

ನಿಮಗೆ ಹಾಗೆ ಹೇಳಲಾರೆ. ಅನ್ನನಾಳದ ದೋಷ, ಸಣ್ಣ ಹೆಬ್ಬೆರಳು, ಸಂಬಂಧದಲ್ಲಿ ಮದುವೆ ಈ ಮೂರೂ ಒಟ್ಟಿಗಿದ್ದರೆ ಫ್ಯಾಂಕೋನಿ ಅನೀಮಿಯಾ ಎಂಬ ಕಾಯಿಲೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲೇಬೇಕು. 1927ರಲ್ಲಿ ಸ್ವಿಟ್ಜರ್‌ಲೆಂಡಿನ ಮಕ್ಕಳ ತಜ್ಞ ಗುಯಿಡೊ ಫ್ಯಾಂಕೋನಿ ಇದನ್ನು ವಿವರಿಸಿದ. ಹೆಸರಲ್ಲಿ ಅನೀಮಿಯಾ ಇದ್ದರೂ ಕಬ್ಬಿಣದ ಮಾತ್ರೆಗೆ ಬಗ್ಗುವ ರಕ್ತಹೀನತೆ ಅಲ್ಲ ಇದು. ಡಿಎನ್‌ಎ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಾಗ ಬಿಡಿಸಿ ಸರಿಮಾಡುವ ಜೀನ್‌ಗಳ ಗುಂಪೊಂದಿದೆ, ಇಪ್ಪತ್ತಕ್ಕೂ ಹೆಚ್ಚು. ಅವುಗಳಲ್ಲಿ ಒಂದರ ಎರಡೂ ಪ್ರತಿ ಕೆಟ್ಟರೆ ಬರುವುದು ಈ ಕಾಯಿಲೆ. ಹುಟ್ಟುವಾಗ ಹೆಬ್ಬೆರಳು, ಮೂತ್ರಪಿಂಡ, ಕೆಲವೊಮ್ಮೆ ಅನ್ನನಾಳದಲ್ಲಿ ದೋಷ, ಮೈಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆಗಳು, ಬೆಳವಣಿಗೆ ಕುಂಠಿತ. ರಕ್ತ ಮಾತ್ರ ಮೊದಮೊದಲು ಸರಿಯಾಗೇ ಇರುತ್ತದೆ. ಶಾಲೆಗೆ ಹೋಗುವ ವಯಸ್ಸಿಗೆ ಬರುವ ಹೊತ್ತಿಗೆ ಮೂಳೆಮಜ್ಜೆ ಸೋಲತೊಡಗುತ್ತದೆ. ಅದಕ್ಕೇ ಹೇಳುವುದು, ಈಗ ಮಗಳ ರಕ್ತದ ಕೌಂಟ್ ನಾರ್ಮಲ್ ಇದೆ ಎಂದು ಯಾರಾದರೂ ಸಮಾಧಾನ ಹೇಳಿದರೆ ಅಷ್ಟಕ್ಕೇ ನಿಲ್ಲಬೇಡಿ.

ಇದಕ್ಕೆ ಇರುವ ಪರೀಕ್ಷೆಗೆ ಕ್ರೋಮೋಸೋಮ್ ಬ್ರೇಕೇಜ್ ಟೆಸ್ಟ್ ಎನ್ನುತ್ತಾರೆ. ಮಗುವಿನ ರಕ್ತದ ಬಿಳಿಕೋಶಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ, ಮೈಟೋಮೈಸಿನ್-ಸಿ ಥರದ ರಾಸಾಯನಿಕ ಹಾಕುತ್ತಾರೆ. ಆರೋಗ್ಯವಂತರ ಕ್ರೋಮೋಸೋಮ್‌ಗಳು ತಡೆದುಕೊಳ್ಳುತ್ತವೆ. ಫ್ಯಾಂಕೋನಿ ಇದ್ದವರದ್ದು ಮುರಿದು, ಬೇರೆ ತುಂಡುಗಳಿಗೆ ಅಂಟಿಕೊಂಡು ಚಿತ್ರವಿಚಿತ್ರ ಆಕಾರ ತಾಳುತ್ತವೆ. ಕೋಶಗಳು ಬದುಕಿರಬೇಕಾದ್ದರಿಂದ ರಕ್ತವನ್ನು ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿನಲ್ಲಿ ತೆಗೆದು ತಡಮಾಡದೆ ಲ್ಯಾಬ್‌ಗೆ ಮುಟ್ಟಿಸಬೇಕು. ಆದಷ್ಟೂ ಆ ಲ್ಯಾಬ್ ಇರುವ ಊರಲ್ಲೇ ರಕ್ತ ಕೊಡುವುದು ಒಳ್ಳೆಯದು; ಶನಿವಾರ ಹಾಸನದಲ್ಲಿ ತೆಗೆದು ಸೋಮವಾರ ಕೊರಿಯರ್ ಮಾಡಿದರೆ ಕೆಟ್ಟುಹೋಗಬಹುದು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕೆಎಂಸಿಯ ಮೆಡಿಕಲ್ ಜೆನೆಟಿಕ್ಸ್ ವಿಭಾಗ, ಎರಡರಲ್ಲಿ ಒಂದಕ್ಕೆ ಮೊದಲು ಫೋನ್ ಮಾಡಿ, ಈ ಪರೀಕ್ಷೆಗೆ ಎಲ್ಲಿ, ಯಾವ ದಿನ ರಕ್ತ ಕೊಡಬೇಕು ಎಂದು ಕೇಳಿಕೊಂಡು ಹೊರಡಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ನಂಬಿಕೊಂಡು ಹೊರಡುವುದಕ್ಕಿಂತ ನಿಮಗೆ ಬೆಂಗಳೂರೇ ಅನುಕೂಲ.

ಹೆದರಿಸಲು ಹೇಳುತ್ತಿಲ್ಲ. ಹೆಬ್ಬೆರಳು ಸಣ್ಣದಿರಲು ಇದಕ್ಕಿಂತ ಹೆಚ್ಚು ಸಾಮಾನ್ಯವಾದ ಇನ್ನೊಂದು ಕಾರಣವಿದೆ. ಅನ್ನನಾಳದ ದೋಷವಿರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೈಯಲ್ಲಿ ಬೇರೆಲ್ಲಾದರೂ ಇನ್ನೊಂದು ತೊಂದರೆ ಇರುತ್ತದೆ. ಬೆನ್ನುಮೂಳೆ, ಮಲದ್ವಾರ, ಹೃದಯ, ಶ್ವಾಸನಾಳ–ಅನ್ನನಾಳ, ಮೂತ್ರಪಿಂಡ, ಕೈಕಾಲು ಇವುಗಳಲ್ಲಿ ಮೂರು ಅಥವಾ ಹೆಚ್ಚು ಕಡೆ ದೋಷ ಕಂಡರೆ ಅದನ್ನು ವ್ಯಾಕ್ಟರ್ಲ್ ಎಂದು ಕರೆಯುತ್ತೇವೆ. ಅದು ಬಹುಮಟ್ಟಿಗೆ ಒಂದು ಮನೆಯಲ್ಲಿ ಒಮ್ಮೆ ಆಗಿ ಮುಗಿಯುವಂಥದು. ತೊಡಕೇನೆಂದರೆ ಹೊರನೋಟಕ್ಕೆ ವ್ಯಾಕ್ಟರ್ಲ್ ಮತ್ತು ಫ್ಯಾಂಕೋನಿ ಒಂದೇ ಥರ ಕಾಣಬಹುದು, ಮುಂದಿನ ದಾರಿ ಮಾತ್ರ ಪೂರ್ತಿ ಬೇರೆ. ಫ್ಯಾಂಕೋನಿ ಎಂದಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅದು ಮತ್ತೆ ಬರುವ ಸಾಧ್ಯತೆ. ಮಗಳಿಗೆ ಎಕ್ಸ್‌ರೇ, ಸಿಟಿ ಸ್ಕ್ಯಾನ್ ಮಿತವಾಗಿರಬೇಕು, ರಕ್ತತಜ್ಞರ ಬಳಿ ನಿಯಮಿತವಾಗಿ ತೋರಿಸಬೇಕು, ಮುಂದೆ ಮಜ್ಜೆ ಕಸಿ ಬೇಕಾಗಬಹುದು. ಅಲ್ಲ ಎಂದಾದರೆ ಇಷ್ಟೂ ಹೊರೆ ಇಳಿಯಿತು.

ಆಸ್ಪತ್ರೆಗೆ ಹೋಗುವ ಮುಂಚೆ ಮನೆಯಲ್ಲೇ ಮಗಳನ್ನು ಬಿಸಿಲಿನಲ್ಲಿ ಬರಿಮೈಯಲ್ಲಿ ಮಲಗಿಸಿ ನಿಧಾನವಾಗಿ ನೋಡಿ. ಕಾಫಿ ಬಣ್ಣದ ಮಚ್ಚೆ ಇದೆಯೇ? ಕಿವಿ ಎರಡೂ ಒಂದೇ ಆಕಾರದಲ್ಲಿವೆಯೇ, ಸದ್ದಿಗೆ ತಿರುಗುತ್ತಾಳೆಯೇ? ಕಣ್ಣು ಎರಡೂ ಒಂದೇ ಗಾತ್ರವೇ? ಕಿವಿ, ಕಣ್ಣು, ಹೃದಯ ಮೂರೂ ಸೇರಿದರೆ ಚಾರ್ಜ್ ಸಿಂಡ್ರೋಮ್‌ನ ಯೋಚನೆ ಬರುತ್ತದೆ. ಅದರ ಸಿಎಚ್‌ಡಿ7 ಜೀನ್ 2004ರಲ್ಲಿ ಸಿಕ್ಕಿತು. ಕಣ್ಣುಗುಡ್ಡೆ ತೀರಾ ಸಣ್ಣದಿದ್ದರೆ ಆಗಲೇ ಹೇಳಿದ ಸಾಕ್ಸ್2 ಜೀನ್‌ನ ದೋಷವೇ ಎಂದು ನೋಡಬೇಕು. ಇವೆರಡೂ ಹೆಚ್ಚಾಗಿ ಮಗುವಿನಲ್ಲೇ ಹೊಸದಾಗಿ ಹುಟ್ಟುವ ಬದಲಾವಣೆಗಳು. ಆಮೇಲೆ ಮಗಳ ಕಾಲು ನೋಡಿ, ನಿಮ್ಮ ಕಾಲು ನೋಡಿಕೊಳ್ಳಿ, ನಿಮ್ಮ ಯಜಮಾನರಿಗೂ ಚಪ್ಪಲಿ ಬಿಚ್ಚಲು ಹೇಳಿ. ಎರಡನೇ ಮತ್ತು ಮೂರನೇ ಬೆರಳು ಬುಡದಲ್ಲಿ ಕೂಡಿಕೊಂಡಿವೆಯೇ? ಕೈಯ ಕಿರುಬೆರಳು ತೀರ ಮೋಟಾಗಿದೆಯೇ? ಫೈನ್‌ಗೋಲ್ಡ್ ಸಿಂಡ್ರೋಮ್ ಎಂಬುದರಲ್ಲಿ ಹೀಗಿರುತ್ತದೆ. ಇದು ತಂದೆ ಅಥವಾ ತಾಯಿಯಿಂದ ನೇರ ಇಳಿಯುವಂಥದು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಎಷ್ಟೋ ಸಲ ದೊಡ್ಡವರಲ್ಲಿ ಇರುವ ಗುರುತು ಕಾಲ್ಬೆರಳಷ್ಟೇ. ಅಂಥವರು ಅದನ್ನು ‘ನಮ್ಮ ಮನೆಯವರ ಕಾಲೇ ಹೀಗೆ’ ಎಂದುಕೊಂಡು ಇದ್ದುಬಿಟ್ಟಿರುತ್ತಾರೆ.

ಹೃದಯದ ಎಕೋ, ಮೂತ್ರಪಿಂಡದ ಸ್ಕ್ಯಾನ್, ಬೆನ್ನುಮೂಳೆಯ ಎಕ್ಸ್‌ರೇ ಆಪರೇಷನ್ ಸಮಯದಲ್ಲೇ ಆಗಿರಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಹುಡುಕಿ, ಇಲ್ಲದಿದ್ದರೆ ಕೇಳಿ ಮಾಡಿಸಿ.

ಈಗ ಹಣದ ಮಾತು. ಪ್ರೋಟೀನ್ ತಯಾರಿಸುವ ಜೀನ್ ಭಾಗಗಳನ್ನೆಲ್ಲ ಒಟ್ಟಿಗೆ ಓದುವ ಎಕ್ಸೋಮ್ ಎಂಬ ದುಬಾರಿ ಪರೀಕ್ಷೆಯನ್ನು ಮೊದಲೇ ಮಾಡಿಸಿ ಎಂದು ಸಲಹೆ ಕೊಡುವವರು ನಿಮಗೆ ಸಿಗುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮೊದಲು ಮಗುವನ್ನು ಕಣ್ಣಿಂದ ಸರಿಯಾಗಿ ನೋಡಿದವರು ಇರಬೇಕು, ಆಮೇಲೆ ಬ್ರೇಕೇಜ್ ಟೆಸ್ಟ್, ಅದರ ಜೊತೆಗೋ ಬಳಿಕವೋ ಕ್ರೋಮೋಸೋಮ್‌ಗಳಲ್ಲಿ ಸಣ್ಣ ತುಂಡು ಕಳೆದಿದೆಯೇ ಎಂದು ನೋಡುವ ಮೈಕ್ರೋಅರೇ. ಇವುಗಳಿಂದ ಉತ್ತರ ಸಿಗದಿದ್ದಾಗ, ತಂದೆ, ತಾಯಿ, ಮಗು ಮೂವರದ್ದೂ ಒಟ್ಟಿಗೆ ಎಕ್ಸೋಮ್. ಮಗುವಿನದ್ದೊಂದೇ ಮಾಡಿಸಿದರೆ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂಬ ವರದಿ ಹಿಡಿದು ಅಲೆಯುವ ಸಂಭವವೇ ಜಾಸ್ತಿ. ಅದು ಅಪ್ಪ ಅಮ್ಮನಲ್ಲೂ ಇದೆಯೇ ಎಂದು ಹೋಲಿಸದೆ ಅದಕ್ಕೆ ಬೆಲೆ ಕಟ್ಟಲಾಗದು.

ಥೈರಾಯ್ಡ್ ಮಾತ್ರೆ. ಸ್ಟ್ರಿಪ್ ಹಿಂದೆ ಏನು ಬರೆದಿದೆ ನೋಡಿ. ಥೈರಾಕ್ಸಿನ್ ಎಂದಿದ್ದರೆ, ಉದಾಹರಣೆಗೆ ಥೈರೊನಾರ್ಮ್, ಎಲ್ಟ್ರಾಕ್ಸಿನ್, ಅದು ಥೈರಾಯ್ಡ್ ಕಡಿಮೆ ಇರುವವರಿಗೆ ಕೊಡುವುದು, ಅದರಿಂದ ಈ ದೋಷ ಬರುವುದಿಲ್ಲ, ಮುಂದಿನ ಬಸಿರಿನಲ್ಲೂ ಬಿಡಬಾರದು. ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಎಂದಿದ್ದರೆ, ನಿಯೋಮರ್ಕಜೋಲ್ ಆ ಜಾತಿಯದು, ಅದು ಥೈರಾಯ್ಡ್ ಹೆಚ್ಚಿರುವವರಿಗೆ. ಮೊದಲ ಮೂರು ತಿಂಗಳಲ್ಲಿ ಅದನ್ನು ತೆಗೆದುಕೊಂಡ ಕೆಲವು ತಾಯಂದಿರ ಮಕ್ಕಳಲ್ಲಿ ನೆತ್ತಿಯ ಚರ್ಮ, ಮೂಗಿನ ಹಿಂಭಾಗ, ಅನ್ನನಾಳದ ದೋಷಗಳು ಕಂಡಿವೆ. ಹಾಗಂತ ನೀವಾಗಿ ನಿಲ್ಲಿಸಬೇಡಿ, ಹತೋಟಿ ತಪ್ಪಿದ ಥೈರಾಯ್ಡ್ ಇನ್ನೂ ಅಪಾಯ. ಮಗು ಬೇಕೆಂದು ಯೋಚಿಸಿದಾಗಲೇ ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಿಸುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಬಸಿರಿಗೆ ಮುಂಚೆಯೇ ಹತೋಟಿಗೆ ತಂದುಕೊಳ್ಳಬೇಕು.

ಸ್ಕ್ಯಾನಿಂಗ್‌ನಲ್ಲಿ ಕಾಣದಿದ್ದುದು ಆಶ್ಚರ್ಯವಲ್ಲ. ಅನ್ನನಾಳ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುವ ತೆಳು ಕೊಳವೆ, ಸ್ಕ್ಯಾನ್‌ಗೆ ಸುಲಭವಾಗಿ ಸಿಗುವುದಿಲ್ಲ. ಜಠರದ ಗುಳ್ಳೆ ಕಾಣದಿರುವುದು, ಗರ್ಭದ ನೀರು ವಿಪರೀತ ಹೆಚ್ಚಿರುವುದು, ಈ ಎರಡರಿಂದ ಊಹಿಸಬೇಕು ಅಷ್ಟೇ. ನಿಮ್ಮ ಮಗಳಂಥ ಬಗೆಯಲ್ಲಿ ಶ್ವಾಸನಾಳದ ದಾರಿಯಿಂದ ದ್ರವ ಜಠರಕ್ಕೆ ಇಳಿಯುವುದರಿಂದ ಗುಳ್ಳೆ ಬಹಳ ಸಲ ಕಾಣುತ್ತಲೇ ಇರುತ್ತದೆ. ಐದನೇ ತಿಂಗಳಿನ ಸ್ಕ್ಯಾನ್ ಮಾಡಿದವರನ್ನು ದೂರಿ ಪ್ರಯೋಜನವಿಲ್ಲ.

ಮಗಳ ಆರೈಕೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಕೆಮ್ಮು ಬೊಗಳಿದಂತೆ ಕೇಳಿಸಿದರೆ ನೆರೆಹೊರೆಯವರು ನಾಯಿಕೆಮ್ಮು ಎನ್ನುತ್ತಾರೆ. ಈ ಮಕ್ಕಳ ಶ್ವಾಸನಾಳದ ಗೋಡೆ ಮೆತ್ತಗಿರುವುದರಿಂದ ಹಾಗೆ ಕೇಳುತ್ತದೆ. ಆದರೆ ಉಣ್ಣುವಾಗ ಮೈಬಣ್ಣ ಬದಲಾದರೆ, ಪದೇಪದೇ ನೆತ್ತಿಗೆ ಹತ್ತಿದರೆ, ನ್ಯುಮೋನಿಯಾ ಮರುಕಳಿಸಿದರೆ ಆಪರೇಷನ್ ಮಾಡಿದವರಿಗೇ ತೋರಿಸಿ. ಹೊಲಿದ ಜಾಗ ಕಿರಿದಾಗಿರಬಹುದು, ಅದನ್ನು ಹಿಗ್ಗಿಸಬಹುದು. ದೊಡ್ಡವಳಾದ ಮೇಲೆ ನಮ್ಮ ಕಡೆಯ ರೂಢಿಯಂತೆ ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಬೇಡಿ. ಇವಳ ಅನ್ನನಾಳ ನಮ್ಮಂತೆ ಅಲೆಯಲೆಯಾಗಿ ತಳ್ಳುವುದಿಲ್ಲ, ತುತ್ತು ನಡುವೆ ನಿಲ್ಲುತ್ತದೆ. ಅಗಿದು ತಿನ್ನಲಿ, ನಡುನಡುವೆ ನೀರು ಕುಡಿಯಲಿ.

ಕೊನೆಗೆ ಎರಡನೇ ಮಗು. ಫ್ಯಾಂಕೋನಿ ಇಲ್ಲ, ಬೇರೆ ಸಿಂಡ್ರೋಮ್ ಕೂಡ ಇಲ್ಲ ಎಂದಾದರೆ ಇದೇ ದೋಷ ಮತ್ತೆ ಬರುವ ಸಾಧ್ಯತೆ ಸುಮಾರು ನೂರಕ್ಕೆ ಒಂದು. ಧೈರ್ಯವಾಗಿ ಮಾಡಿಕೊಳ್ಳಿ. ಫ್ಯಾಂಕೋನಿ ಇದೆ ಎಂದಾದರೆ ಯಾವ ಜೀನ್ ಎಂದು ಗುರುತಿಸುವವರೆಗೆ ಬಸಿರು ಮುಂದೂಡಿ. ಜೀನ್ ಗೊತ್ತಿದ್ದರೆ ಹನ್ನೊಂದರಿಂದ ಹದಿಮೂರನೇ ವಾರದೊಳಗೆ ಗರ್ಭದ ಮಾಸಿನ ಸಣ್ಣ ತುಣುಕು ತೆಗೆದು ಪರೀಕ್ಷಿಸಬಹುದು. ಗೊತ್ತಿಲ್ಲದೆ ಬಸಿರಾದ ಮೇಲೆ ಓಡಿಬಂದರೆ ಸಮಯ ಸಾಲುವುದಿಲ್ಲ. ಎರಡರಲ್ಲಿ ಯಾವುದೇ ಆಗಲಿ, ಫೋಲಿಕ್ ಆಸಿಡ್ ಮಾತ್ರೆ ಬಸಿರಿಗೆ ಮೊದಲೇ ಶುರುಮಾಡಿ, ನವಜಾತ ಶಿಶುಗಳ ಐಸಿಯು ಇರುವ ಕಡೆ ಹೆರಿಗೆ ಇಟ್ಟುಕೊಳ್ಳಿ. ಮೊದಲ ಮಗುವಿಗೆ ಹೀಗಾಗಿತ್ತು ಎಂದು ತಾಯಿ ಕಾರ್ಡ್‌ನ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿ, ಹೆರಿಗೆ ಕೋಣೆಯ ನರ್ಸ್‌ಗೂ ಬಾಯಿಬಿಟ್ಟು ಹೇಳಿ: ಎದೆಗೆ ಹಾಕುವ ಮೊದಲು ಮಗುವಿನ ಬಾಯಿಂದ ಜಠರಕ್ಕೆ ಒಂದು ಟ್ಯೂಬ್ ಇಳಿಸಿ ನೋಡಲಿ. ಹತ್ತು ಸೆಂಟಿಮೀಟರ್ ಆಸುಪಾಸಿನಲ್ಲೇ ಅದು ತಡೆದರೆ ಹಾಲು ಕೊಡಬಾರದು. ಸರಾಗವಾಗಿ ಇಳಿದರೆ ಹಾಲು ಕುಡಿಸಿ.